ಫಿಟ್ಸ್ ಗುಳಿಗೆ: ಮೆದುಳಲ್ಲಿ ಅದು ಮಾಡುವ ಕೆಲಸ, ಮನೆಯಲ್ಲಿ ನೀವು ಮಾಡಬೇಕಾದ ಕೆಲಸ

ಹಳೇ ಫಿಟ್ಸ್ ರೋಗಿಯನ್ನು ಮತ್ತೆ ಆಸ್ಪತ್ರೆಗೆ ಹೊತ್ತು ತಂದವರ ಬಾಯಲ್ಲಿ ಹೆಚ್ಚಾಗಿ ಬರುವ ಮಾತು ಇದು: "ಆರು ತಿಂಗಳಿಂದ ಏನೂ ಇರಲಿಲ್ಲ ಸಾರ್, ವಾಸಿ ಆಯ್ತಲ್ಲ ಅಂತ ಗುಳಿಗೆ ಬಿಟ್ವಿ." ಆ ಆರು ತಿಂಗಳು ಏನೂ ಆಗದೆ ಇದ್ದದ್ದೇ ಗುಳಿಗೆಯಿಂದ. ಫಿಟ್ಸ್ ಗುಳಿಗೆ ಜ್ವರದ ಗುಳಿಗೆಯಂತೆ ನುಂಗಿದ ದಿನ ಕೆಲಸ ಮಾಡಿ ಮುಗಿಸುವಂಥದ್ದಲ್ಲ. ರಕ್ತದಲ್ಲಿ ಒಂದು ಮಟ್ಟದಲ್ಲಿ ನಿಂತು, ಮೆದುಳಿನ ನರಕೋಶಗಳು ಒಮ್ಮೆಲೇ ಕೆರಳದಂತೆ ಹಗಲೂ ರಾತ್ರಿ ತಡೆಯುತ್ತಾ ಇರುತ್ತದೆ. ಮಟ್ಟ ಇಳಿದರೆ ಫಿಟ್ಸ್, ಏರಿದರೆ ತೂರಾಟ, ಮಂಪರು. "ಗುಳಿಗೆ ನಾಟುತ್ತಿಲ್ಲ" ಎಂಬ ದೂರು ಬಂದಾಗಲೆಲ್ಲ ಮೊದಲು ಹುಡುಕಬೇಕಾದ್ದು ಈ ಮಟ್ಟ ಎಲ್ಲಿ ತಪ್ಪಿತು ಎಂಬುದನ್ನೇ.

ಮುಂದೆ ಬರೆದಿರುವ ಪ್ರಮಾಣಗಳು ನಿಮ್ಮ ಚೀಟಿಯನ್ನು ಅರ್ಥ ಮಾಡಿಕೊಳ್ಳಲಿಕ್ಕೆ. ಅವನ್ನು ನೋಡಿ ನೀವೇ ಏರಿಸುವುದು, ಇಳಿಸುವುದು ಬೇಡ.

ಹಂತ 1: ಯಾವ ಬಗೆಯ ಫಿಟ್ಸ್ ಎಂದು ಹಿಡಿಯಿರಿ

ಡಾಕ್ಟರು ಫಿಟ್ಸ್ ಅನ್ನು ಕಣ್ಣಾರೆ ನೋಡುವುದು ಅಪರೂಪ. ಇಇಜಿ (ಮೆದುಳಿನ ವಿದ್ಯುತ್ ಮಿಡಿತ ದಾಖಲಿಸುವ ಪರೀಕ್ಷೆ) ತೆಗೆದ ಹೊತ್ತಿನಲ್ಲಿ ಮೆದುಳು ಶಾಂತವಾಗಿದ್ದರೆ ವರದಿ ನಾರ್ಮಲ್ ಎಂದೇ ಬರಬಹುದು. ಹಾಗೆ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎಂದಲ್ಲ. ಆದ್ದರಿಂದ ಮನೆಯವರ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಇದ್ದರೆ ಅದು ದೊಡ್ಡ ಸಾಕ್ಷಿ. ಒಬ್ಬರು ರೋಗಿಯನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮುಖ, ಎರಡೂ ಕೈ ಕಾಣುವ ಹಾಗೆ ತೆಗೆಯಲಿ.

ಗಮನಿಸಬೇಕಾದ್ದು: ಮೊದಲು ಎಳೆದದ್ದು ಯಾವ ಕೈ? ಕಣ್ಣು, ಕತ್ತು ಯಾವ ಕಡೆ ತಿರುಗಿತು? ಮಾತಾಡಿಸಿದರೆ ಓಗೊಟ್ಟರೇ? ನಾಲಿಗೆ ಕಚ್ಚಿಕೊಂಡರೇ, ಬಟ್ಟೆ ಒದ್ದೆ ಆಯಿತೇ? ಎಷ್ಟು ನಿಮಿಷ? ಎದ್ದ ಮೇಲೆ ಎಷ್ಟು ಹೊತ್ತು ಮಂಕಾಗಿದ್ದರು? ಒಂದು ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ: ಬೆಳಗ್ಗೆ ಎದ್ದ ಹೊಸದರಲ್ಲಿ ಕೈ ಒಮ್ಮೆ ಜಗ್ಗಿದಂತಾಗಿ ಟೀ ಲೋಟ, ಹಲ್ಲುಜ್ಜುವ ಬ್ರಷ್ ಹಾರಿ ಬೀಳುತ್ತದೆಯೇ? ಹದಿನಾಲ್ಕು, ಹದಿನೈದರ ಹುಡುಗಿಗೆ ಹೀಗಾದರೆ ಮನೆಯಲ್ಲಿ "ಗಮನ ಇಲ್ಲ ಇವಳಿಗೆ" ಎಂದು ಬೈಯುತ್ತಾರೆ. ಅದು ಮಯೋಕ್ಲೋನಿಕ್ ಎಂಬ ಬಗೆಯ ಫಿಟ್ಸ್ ಇರಬಹುದು. ಇದು ಗೊತ್ತಾಗದೆ ಕಾರ್ಬಮಜೆಪಿನ್ ಅಥವಾ ಫೆನಿಟಾಯಿನ್ ಎಂಬ ಫಿಟ್ಸ್ ಗುಳಿಗೆ ಶುರುವಾದರೆ ಆ ಜಗ್ಗುವಿಕೆ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ಪಾಠ ಕೇಳುತ್ತಾ ಕೇಳುತ್ತಾ ಐದಾರು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧವಾಗುವ ಮಕ್ಕಳ ಫಿಟ್ಸ್‌ಗೂ ಇದೇ ಮಾತು.

ಬಿದ್ದವರಿಗೆಲ್ಲ ಫಿಟ್ಸ್ ಇರುವುದಿಲ್ಲ ಎಂಬುದೂ ನೆನಪಿರಲಿ. ಬಿಸಿಲಲ್ಲಿ ನಿಂತು ಕಣ್ಣು ಕತ್ತಲೆ ಬಂದು ಬೀಳುವುದು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯುವುದು, ಹೃದಯದ ಬಡಿತ ತಪ್ಪುವುದು ಬೇರೆ ಸಂಗತಿಗಳು. ಅವಕ್ಕೆ ಫಿಟ್ಸ್ ಗುಳಿಗೆ ಕೊಟ್ಟು ಪ್ರಯೋಜನವಿಲ್ಲ.

ಹಂತ 2: ಗುಳಿಗೆ ಎಲ್ಲಿ ಕೈ ಹಾಕುತ್ತದೆ ಎಂದು ತಿಳಿಯಿರಿ

ನರಕೋಶದ ಹೊರಪೊರೆಯಲ್ಲಿ ಸೋಡಿಯಂ ಒಳಗೆ ನುಗ್ಗುವ ಸಣ್ಣ ದಾರಿಗಳಿವೆ. ಕೆರೆಯ ತೂಬಿನಂತೆ ಅವು ತೆರೆಯುತ್ತವೆ, ಮುಚ್ಚುತ್ತವೆ. ತೆರೆದಾಗಲೆಲ್ಲ ಒಂದು ವಿದ್ಯುತ್ ಮಿಡಿತ. ಸಾಮಾನ್ಯ ಕೆಲಸಕ್ಕೆ ಅಷ್ಟು ಸಾಕು. ಫಿಟ್ಸ್ ಬಂದಾಗ ಸಾವಿರಾರು ಕೋಶಗಳು ಒಟ್ಟಿಗೆ, ಬಿಡುವಿಲ್ಲದೆ ಮಿಡಿಯುತ್ತವೆ. ಫೆನಿಟಾಯಿನ್, ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಲ್ಯಾಮೋಟ್ರಿಜಿನ್, ಲ್ಯಾಕೋಸಮೈಡ್ ಇವೆಲ್ಲ ಆ ದಾರಿ ಒಮ್ಮೆ ಮುಚ್ಚಿದ ಮೇಲೆ ಬೇಗ ಮತ್ತೆ ತೆರೆಯದಂತೆ ಹಿಡಿದಿಡುತ್ತವೆ. ಅತಿ ವೇಗವಾಗಿ ಮಿಡಿಯುವ ಕೋಶದ ಮೇಲೇ ಇವುಗಳ ಹಿಡಿತ ಜಾಸ್ತಿ. ನಿಧಾನವಾಗಿ ತನ್ನ ಪಾಡಿಗೆ ಕೆಲಸ ಮಾಡುವ ಕೋಶಕ್ಕೆ ಅಷ್ಟು ತೊಂದರೆ ಇಲ್ಲ. ಹಾಗಾಗಿಯೇ ಗುಳಿಗೆ ನುಂಗಿದವರು ಓದಬಲ್ಲರು, ದುಡಿಯಬಲ್ಲರು.

ಎರಡನೇ ಬಗೆಯವು ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸುತ್ತವೆ. ನರಕೋಶಕ್ಕೆ "ಸಾಕು, ಸುಮ್ಮನಿರು" ಎಂದು ಹೇಳುವುದು ಗಾಬಾದ ಕೆಲಸ. ಫೆನೊಬಾರ್ಬಿಟೋನ್, ಕ್ಲೊಬಜಾಮ್, ಕ್ಲೊನಜೆಪಾಮ್, ತುರ್ತಿಗೆ ಕೊಡುವ ಮಿಡಜೋಲಾಮ್, ಲೊರಜೆಪಾಮ್ ಈ ಗುಂಪಿನವು. ಇಡೀ ಮೆದುಳನ್ನೇ ತಣ್ಣಗೆ ಮಾಡುವುದರಿಂದ ನಿದ್ದೆ, ಜಡತೆ ಇವುಗಳ ಬೆನ್ನಿಗೇ ಬರುತ್ತವೆ.

ಲೆವೆಟಿರಾಸೆಟಮ್ ದಾರಿ ಬೇರೆ. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕಳಿಸುವ ತುದಿಯಲ್ಲಿ ರಾಸಾಯನಿಕ ತುಂಬಿದ ಸಣ್ಣ ಚೀಲಗಳಿರುತ್ತವೆ. ಅವುಗಳ ಮೇಲಿನ ಎಸ್‌ವಿ2ಎ ಎಂಬ ಪ್ರೋಟೀನಿಗೆ ಇದು ಅಂಟಿಕೊಂಡು, ಸಂದೇಶ ಅತಿಯಾಗಿ ಸುರಿಯದಂತೆ ನೋಡಿಕೊಳ್ಳುತ್ತದೆ. ವಾಲ್ಪ್ರೊಯೇಟ್ ಒಂದೇ ಕಡೆ ಕೈ ಹಾಕುವುದಿಲ್ಲ. ಸೋಡಿಯಂ ದಾರಿ, ಗಾಬಾ, ಒಂದು ಬಗೆಯ ಕ್ಯಾಲ್ಸಿಯಂ ದಾರಿ, ಹೀಗೆ ಹಲವು ಕಡೆ. ಅದಕ್ಕೇ ಬಹುತೇಕ ಎಲ್ಲ ಬಗೆಯ ಫಿಟ್ಸ್‌ಗೂ ಅದು ನಾಟುತ್ತದೆ.

ಇವುಗಳಲ್ಲಿ ಹಿರಿಯದು ಫೆನೊಬಾರ್ಬಿಟೋನ್. ಫಿಟ್ಸ್‌ಗೆ 1912ರಿಂದ ಬಳಕೆಯಲ್ಲಿದೆ. ಫೆನಿಟಾಯಿನ್ 1938ರದ್ದು. ಹಳತು ಎಂದು ಮೂಗು ಮುರಿಯಬೇಕಿಲ್ಲ. ಫಿಟ್ಸ್ ನಿಲ್ಲಿಸುವ ಶಕ್ತಿಯಲ್ಲಿ ಹೊಸವು ಇವನ್ನು ಮೀರಿಸಿದ್ದು ಕಡಿಮೆ. ಹೊಸ ಔಷಧಿಗಳ ಲಾಭ ಮುಖ್ಯವಾಗಿ ಅಡ್ಡಪರಿಣಾಮ ಕಡಿಮೆ ಇರುವುದರಲ್ಲಿ, ಬೇರೆ ಔಷಧಿಗಳ ಜೊತೆ ಜಗಳ ಆಡದೆ ಇರುವುದರಲ್ಲಿ.

ಹಂತ 3: ನಿಮ್ಮ ಚೀಟಿಯಲ್ಲಿರುವ ಗುಳಿಗೆಯ ಗುಣ ಅರಿಯಿರಿ

ಸ್ಟ್ರಿಪ್ಪಿನ ಹಿಂದೆ ಕಂಪನಿಯ ಹೆಸರಿನ ಜೊತೆ ಔಷಧಿಯ ಮೂಲ ಹೆಸರು ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೇಬಿನಲ್ಲೇ ಇಡಿ. ಎಪ್ಟೋಯಿನ್ ಎಂದರೆ ಫೆನಿಟಾಯಿನ್, ಟೆಗ್ರೆಟಾಲ್ ಎಂದರೆ ಕಾರ್ಬಮಜೆಪಿನ್, ವಾಲ್ಪಾರಿನ್ ಎಂದರೆ ವಾಲ್ಪ್ರೊಯೇಟ್, ಲೆವಿಪಿಲ್ ಎಂದರೆ ಲೆವೆಟಿರಾಸೆಟಮ್, ಗಾರ್ಡಿನಾಲ್ ಎಂದರೆ ಫೆನೊಬಾರ್ಬಿಟೋನ್, ಫ್ರಿಸಿಯಂ ಎಂದರೆ ಕ್ಲೊಬಜಾಮ್.

ಫೆನಿಟಾಯಿನ್. ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ರಾತ್ರಿ ಒಂದೇ ಸಲ ನುಂಗಿದರೂ ನಡೆಯುತ್ತದೆ. ಆದರೆ ಇದರಷ್ಟು ಲೆಕ್ಕ ತಪ್ಪಿಸುವ ಗುಳಿಗೆ ಇನ್ನೊಂದಿಲ್ಲ. ಲಿವರ್ ಇದನ್ನು ಕರಗಿಸಿ ಹೊರಹಾಕುವ ವೇಗಕ್ಕೆ ಒಂದು ಮಿತಿ ಇದೆ. ಆ ಮಿತಿಯ ಹತ್ತಿರ ಬಂದ ಮೇಲೆ ಸ್ವಲ್ಪ ಹೆಚ್ಚಿಗೆ ಕೊಟ್ಟರೂ ರಕ್ತದಲ್ಲಿ ಸಿಕ್ಕಾಪಟ್ಟೆ ಶೇಖರವಾಗುತ್ತದೆ. ಐವತ್ತು ಕೆ.ಜಿ. ತೂಕದವರು ದಿನಕ್ಕೆ 300 ಮಿ.ಗ್ರಾಂ. ತಗೊಳ್ಳುತ್ತಿದ್ದಾರೆ, ರಕ್ತದ ಮಟ್ಟ 15 ಇದೆ ಎಂದುಕೊಳ್ಳಿ. (ಇರಬೇಕಾದ್ದು ಎಂ.ಎಲ್.ಗೆ 10ರಿಂದ 20 ಮೈಕ್ರೋಗ್ರಾಂ.) ಒಂದು ಫಿಟ್ಸ್ ಬಂತೆಂದು ಮನೆಯವರೇ ಇನ್ನೊಂದು 100ರ ಗುಳಿಗೆ ಸೇರಿಸಿದರು. ಪ್ರಮಾಣ ಏರಿದ್ದು ಮೂರನೇ ಒಂದು ಪಾಲು. ರಕ್ತದ ಮಟ್ಟ ಮಾತ್ರ ಎರಡು ಪಟ್ಟು ದಾಟಿ ಏರುತ್ತಲೇ ಹೋಗಬಹುದು. ಅದೂ ಅಂದೇ ಕಾಣುವುದಿಲ್ಲ, ವಾರ, ಹತ್ತು ದಿನ ಬಿಟ್ಟು ಕಾಣುತ್ತದೆ. 20 ದಾಟಿದರೆ ಪಕ್ಕಕ್ಕೆ ನೋಡಿದಾಗ ಕಣ್ಣುಗುಡ್ಡೆ ಅದುರುತ್ತದೆ, 30ರ ಸುಮಾರಿಗೆ ನಡಿಗೆ ತೂರಾಡಿ ನಾಲಿಗೆ ತೊದಲುತ್ತದೆ, 40 ದಾಟಿದರೆ ಮಂಪರು. ಕುಡಿದು ಬಂದಿದ್ದಾನೆ ಎಂದು ಮನೆಯಲ್ಲಿ ಜಗಳ ಆದದ್ದೂ ಉಂಟು. ಡಾಕ್ಟರು ಇದನ್ನು 25, 50 ಮಿ.ಗ್ರಾಂ. ಲೆಕ್ಕದಲ್ಲಿ ಏರಿಸುವುದು ಇದಕ್ಕೇ.

ವರ್ಷಗಟ್ಟಲೆ ತಗೊಂಡರೆ ಒಸಡು ಬೆಳೆದು ಹಲ್ಲಿನ ಮೇಲೆ ಬರುತ್ತದೆ, ಮುಖದಲ್ಲಿ ಕೂದಲು ಹೆಚ್ಚುತ್ತದೆ, ಮೂಳೆ ಸವೆಯುತ್ತದೆ. ದಿನಾ ಎರಡು ಸಲ ಹಲ್ಲುಜ್ಜುವುದು, ಒಸಡು ಶುಚಿಯಾಗಿಡುವುದು ಬೆಳವಣಿಗೆಯನ್ನು ಬಹಳ ಮಟ್ಟಿಗೆ ತಡೆಯುತ್ತದೆ. ವಿಟಮಿನ್ ಡಿ, ಕ್ಯಾಲ್ಸಿಯಂ ಬೇಕೇ ಎಂದು ಕೇಳಿ.

ಕಾರ್ಬಮಜೆಪಿನ್. ಮೆದುಳಿನ ಒಂದು ಭಾಗದಿಂದ ಶುರುವಾಗುವ ಫಿಟ್ಸ್‌ಗೆ ಒಳ್ಳೆಯದು. 100 ಅಥವಾ 200 ಮಿ.ಗ್ರಾಂ.ನಿಂದ ಶುರು ಮಾಡಿ ವಾರವಾರ ಏರಿಸುತ್ತಾರೆ. ಇದಕ್ಕೊಂದು ವಿಚಿತ್ರ ಗುಣ: ತನ್ನನ್ನು ಕರಗಿಸುವ ಲಿವರಿನ ಕಿಣ್ವಗಳನ್ನು ತಾನೇ ಚುರುಕು ಮಾಡುತ್ತದೆ. ಹಾಗಾಗಿ ಮೊದಲ ವಾರ ಇದ್ದ ಮಟ್ಟ ಒಂದು ತಿಂಗಳ ಹೊತ್ತಿಗೆ ಅಷ್ಟೇ ಗುಳಿಗೆಯಲ್ಲಿ ಇಳಿದಿರುತ್ತದೆ. ಆಗ ಪ್ರಮಾಣ ಹೆಚ್ಚಿಸಿದರೆ "ಕಾಯಿಲೆ ಜಾಸ್ತಿ ಆಯ್ತು" ಎಂದು ಹೆದರಬೇಡಿ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತಗೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿದು ಗೊಂದಲ, ಸುಸ್ತು ಬರಬಹುದು.

ವಾಲ್ಪ್ರೊಯೇಟ್. ಕೈ ನಡುಕ, ತೂಕ ಏರುವುದು, ಕೂದಲು ಉದುರುವುದು ಸಾಮಾನ್ಯ. ಅಪರೂಪಕ್ಕೆ ಲಿವರ್ ಕೆಡುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಪದೇ ಪದೇ ವಾಂತಿ, ಊಟ ಬೇಡವಾಗುವುದು, ಅತಿ ನಿದ್ದೆ, ಕಣ್ಣು ಹಳದಿ ಕಂಡರೆ ಮರುದಿನಕ್ಕೆ ಕಾಯಬೇಡಿ.

ಲೆವೆಟಿರಾಸೆಟಮ್. ಈಗ ಹೆಚ್ಚಾಗಿ ಬರೆಯುವುದು ಇದನ್ನೇ. ಲಿವರಿಗೆ ಭಾರವಿಲ್ಲ, ಬೇರೆ ಔಷಧಿಗಳ ಜೊತೆ ತಕರಾರು ಕಡಿಮೆ. ಹೊರಹೋಗುವುದು ಕಿಡ್ನಿಯಿಂದ, ಹಾಗಾಗಿ ಕಿಡ್ನಿ ಸೊರಗಿದವರಿಗೆ ಪ್ರಮಾಣ ತಗ್ಗಿಸುತ್ತಾರೆ. ತೊಂದರೆ ಇರುವುದು ಸ್ವಭಾವದಲ್ಲಿ. ಶಾಂತವಾಗಿದ್ದ ಹುಡುಗ ತಟ್ಟೆ ಎಸೆಯುತ್ತಾನೆ, ಸಣ್ಣದಕ್ಕೆ ಸಿಟ್ಟಾಗುತ್ತಾನೆ, ಕೆಲವರು ಮಂಕಾಗುತ್ತಾರೆ. ಗುಳಿಗೆ ಶುರುವಾದ ದಿನಾಂಕ, ಸಿಟ್ಟು ಶುರುವಾದ ದಿನಾಂಕ ಎರಡನ್ನೂ ಡಾಕ್ಟರಿಗೆ ಹೇಳಿ. "ಬದುಕು ಬೇಡ" ಎಂಬಂಥ ಮಾತು ಬಂದರೆ ಅಂದೇ ತೋರಿಸಿ.

ಲ್ಯಾಮೋಟ್ರಿಜಿನ್. ನಿದ್ದೆ ತರುವುದಿಲ್ಲ, ತೂಕ ಏರಿಸುವುದಿಲ್ಲ. ಆದರೆ ಆಮೆ ನಡಿಗೆಯಲ್ಲೇ ಏರಿಸಬೇಕು. ದೊಡ್ಡವರಿಗೆ ಸಾಮಾನ್ಯವಾಗಿ ಎರಡು ವಾರ ದಿನಕ್ಕೆ 25 ಮಿ.ಗ್ರಾಂ., ಮುಂದಿನ ಎರಡು ವಾರ 50. ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಅದು ಇದರ ಮಟ್ಟವನ್ನು ಸುಮಾರು ಇಮ್ಮಡಿ ಮಾಡುವುದರಿಂದ ದಿನ ಬಿಟ್ಟು ದಿನ 25ರಿಂದ ಶುರು. ಅವಸರ ಮಾಡಿದರೆ ಮೈಮೇಲೆ ಗಂಭೀರ ಗುಳ್ಳೆ ಏಳುವ ಅಪಾಯ. ಐದಾರು ದಿನ ಗುಳಿಗೆ ತಪ್ಪಿಸಿದವರು ಹಳೇ ಪ್ರಮಾಣಕ್ಕೇ ನೇರವಾಗಿ ಹಾರಬಾರದು, ಮೊದಲಿನಿಂದ ಏರಿಸಬೇಕು.

ಫೆನೊಬಾರ್ಬಿಟೋನ್, ಕ್ಲೊಬಜಾಮ್. ಮೊದಲನೆಯದು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಮೂರ್ನಾಲ್ಕು ದಿನ ಬೇಕು, ರಾತ್ರಿ ಒಂದೇ ಗುಳಿಗೆ ಸಾಕು. ಮಕ್ಕಳಲ್ಲಿ ಓದು ಮಂಕು, ಚಂಚಲತೆ ತರಬಹುದು. ಎರಡನ್ನೂ ತಟಕ್ಕನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾದ ಫಿಟ್ಸ್ ಬರುತ್ತದೆ.

ಯಾವ ಗುಳಿಗೆಯಾದರೂ ಶುರುವಾದ ಮೊದಲ ಎರಡು ತಿಂಗಳಲ್ಲಿ ಜ್ವರದ ಜೊತೆ ಮೈಮೇಲೆ ಕೆಂಪು ದದ್ದು, ಬಾಯಿ ಹುಣ್ಣು, ಕಣ್ಣು ಕೆಂಪು, ಕತ್ತಿನ ಗಂಟು ಕಂಡರೆ ಮುಂದಿನ ಗುಳಿಗೆ ನುಂಗದೆ ಅಂದೇ ಆಸ್ಪತ್ರೆಗೆ ಹೋಗಿ. ಅಮ್ಮ ಬಂದಿದೆ ಎಂದು ಬೇವಿನಸೊಪ್ಪು ಹಾಸಿ ಮಲಗಿಸಿ ಮೂರು ದಿನ ಕಳೆದರೆ ಚರ್ಮ ಸುಲಿಯುವ ಹಂತಕ್ಕೆ ಹೋಗುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೊಬಾರ್ಬಿಟೋನ್ ಮೂರರಲ್ಲಿ ಒಂದಕ್ಕೆ ಹೀಗಾದವರಿಗೆ ಉಳಿದೆರಡಕ್ಕೂ ಆಗಬಹುದು. ಆ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದಿಡಿ.

ಹಂತ 4: ದಿನದ ಗುಳಿಗೆ

ಎರಡು ಹೊತ್ತಿನ ಗುಳಿಗೆ ಎಂದರೆ ಹನ್ನೆರಡು ಗಂಟೆಗೊಂದು ಎಂದು ಅರ್ಥ. ಬೆಳಗ್ಗೆ ಎಂಟಕ್ಕೆ ತಿಂಡಿ ಜೊತೆ, ರಾತ್ರಿ ಎಂಟಕ್ಕೆ ಊಟದ ಜೊತೆ. ಲೆವೆಟಿರಾಸೆಟಮ್ ಆರರಿಂದ ಎಂಟು ತಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬೆಳಗ್ಗೆ ಆರಕ್ಕೆ ಒಂದು, ಹೊಲದಿಂದ ಬಂದು ಮಲಗುವಾಗ ಹನ್ನೊಂದಕ್ಕೆ ಇನ್ನೊಂದು ಎಂದರೆ ಸಂಜೆ ಹೊತ್ತಿಗೆ ರಕ್ತದಲ್ಲಿ ಔಷಧಿಯ ಮಟ್ಟ ಬಹಳ ಇಳಿದಿರುತ್ತದೆ. ಬೆಣ್ಣೆ ದೋಸೆ ಬಿಡಬೇಕಾ, ಮಿರ್ಚಿ ತಿನ್ನಬಾರದಾ ಎಂದು ಕೇಳುವವರುಂಟು. ಏನೂ ಬಿಡಬೇಕಿಲ್ಲ, ಹೊತ್ತು ತಪ್ಪದಿದ್ದರೆ ಸಾಕು.

ಮರೆತರೆ? ಎರಡು ಹೊತ್ತಿನವರು ಐದಾರು ತಾಸಿನೊಳಗೆ ನೆನಪಾದರೆ ಆಗಲೇ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ನುಂಗಿದ ಅರ್ಧ ತಾಸಿನೊಳಗೆ ವಾಂತಿಯಾಗಿ ಗುಳಿಗೆ ಇಡಿಯಾಗಿ ಬಿದ್ದದ್ದು ಕಂಡರೆ ಇನ್ನೊಂದು ಕೊಡಬಹುದು. ವಾಂತಿ ಭೇದಿ ನಿಲ್ಲದಿದ್ದರೆ ಇಂಜೆಕ್ಷನ್ ರೂಪದಲ್ಲೇ ಔಷಧಿ ಬೇಕಾಗುತ್ತದೆ.

ಹೆಸರಿನ ಮುಂದೆ ಸಿಆರ್, ಎಸ್‌ಆರ್, ಇಆರ್, ಕ್ರೋನೋ ಎಂದಿದ್ದರೆ ಅದು ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆ. ಕುಟ್ಟಿ ಪುಡಿ ಮಾಡಿ ಬಾಳೆಹಣ್ಣಿನಲ್ಲಿ ಕೊಟ್ಟರೆ ದಿನದ ಔಷಧಿ ಒಂದೇ ತಾಸಿನಲ್ಲಿ ಏರಿ, ಸಂಜೆಗೆ ಇಳಿದುಬಿಡುತ್ತದೆ. ನುಂಗಲಾಗದ ಮಕ್ಕಳಿಗೆ ಸಿರಪ್ ಕೇಳಿ. ಸಿರಪ್ಪಿನ ಬಲ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ಡಾಕ್ಟರ ಹತ್ತಿರ "5 ಎಂ.ಎಲ್." ಜೊತೆ "ಎಷ್ಟು ಮಿ.ಗ್ರಾಂ." ಎಂಬುದನ್ನೂ ಬರೆಸಿಕೊಳ್ಳಿ. ಅಳತೆಗೆ ಅಡಿಗೆಮನೆ ಚಮಚ ಬೇಡ, ಸೂಜಿ ಇಲ್ಲದ 5 ಎಂ.ಎಲ್. ಸಿರಿಂಜ್ ಬಳಸಿ. ಫೆನಿಟಾಯಿನ್ ಸಿರಪ್ ತಳಕ್ಕೆ ಕೂರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಬಾಟಲಿಯ ಮೊದಲ ಅರ್ಧ ನೀರು ನೀರು, ಕೊನೆಯ ಅರ್ಧ ವಿಷದಷ್ಟು ಗಟ್ಟಿ. ತಿಂಗಳ ಮೊದಲಲ್ಲಿ ಫಿಟ್ಸ್, ಕೊನೆಯಲ್ಲಿ ತೂರಾಟ ಎನ್ನುವ ಮಗು ಬಂದರೆ ಮೊದಲು ಕೇಳಬೇಕಾದ್ದು ಬಾಟಲಿ ಅಲ್ಲಾಡಿಸಿದಿರಾ ಎಂದು.

ವಾಲ್ಪ್ರೊಯೇಟ್ ಗುಳಿಗೆ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ನುಂಗುವ ಹೊತ್ತಿಗಷ್ಟೇ ಸ್ಟ್ರಿಪ್ಪಿನಿಂದ ಬಿಡಿಸಿ. ಏಪ್ರಿಲ್, ಮೇ ಬಿಸಿಲಲ್ಲಿ ತಗಡಿನ ಮನೆಯ ಮಾಡಿನಲ್ಲಿ, ಟ್ರ್ಯಾಕ್ಟರ್ ಡಬ್ಬಿಯಲ್ಲಿ, ಬಚ್ಚಲ ಗೂಡಿನಲ್ಲಿ ಔಷಧಿ ಇಡಬೇಡಿ.

ಮನೆಯಲ್ಲಿ ಯಾವಾಗಲೂ ಹತ್ತು ದಿನದ ಗುಳಿಗೆ ಹೆಚ್ಚಿಗೆ ಇರಲಿ. ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಯವರಿಗೆ ಇದು ಇನ್ನೂ ಮುಖ್ಯ. ಸಂತೆಗೆ ಹೋದಾಗ ತರೋಣ ಎಂದುಕೊಂಡು ಎರಡು ದಿನ ತಪ್ಪಿದರೆ ಸಾಕು. ಜನೌಷಧಿ ಕೇಂದ್ರದ ಗುಳಿಗೆ ಅಗ್ಗ, ತಗೊಳ್ಳಬಹುದು. ಆದರೆ ಫೆನಿಟಾಯಿನ್, ಕಾರ್ಬಮಜೆಪಿನ್ ತಗೊಳ್ಳುವವರು ತಿಂಗಳಿಗೊಂದು ಕಂಪನಿ ಬದಲಿಸುವುದು ಬೇಡ. ಬದಲಿಸುವುದಾದರೆ ಡಾಕ್ಟರಿಗೆ ತಿಳಿಸಿ ಒಂದು ಸಲ ಬದಲಿಸಿ, ಅದನ್ನೇ ಹಿಡಿಯಿರಿ.

ನಿದ್ದೆ ಕೆಟ್ಟರೆ ಸರಿಯಾದ ಮಟ್ಟವೂ ಸಾಲದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೆಕ್ಕೆಜೋಳಕ್ಕೆ, ಅಡಿಕೆ ತೋಟಕ್ಕೆ ನೀರು ಹಾಯಿಸಲು ಎದ್ದು ಹೋಗುವ ಕೆಲಸ ಫಿಟ್ಸ್ ಇರುವವರಿಗೆ ಬೇಡ. ನಿದ್ದೆಗೇಡು, ಕತ್ತಲು, ನೀರು, ಮೋಟಾರು ಎಲ್ಲ ಒಂದೇ ಕಡೆ ಸೇರುತ್ತವೆ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ತೇರಿಗೆ ಹೋಗಿ ಬನ್ನಿ. ರಾತ್ರಿಯಿಡೀ ಎಚ್ಚರ ಇರುವುದು ಬೇಡ, ಗುಳಿಗೆ ಜೇಬಲ್ಲಿರಲಿ. ರಂಜಾನ್ ಉಪವಾಸ, ಏಕಾದಶಿ ಹಿಡಿಯುವವರು ಎರಡು ವಾರ ಮುಂಚೆ ಡಾಕ್ಟರನ್ನು ಕೇಳಿದರೆ ಹೊತ್ತು ಹೊಂದಿಸಿಕೊಡುತ್ತಾರೆ. ಸಾರಾಯಿ ಕುಡಿದ ರಾತ್ರಿಗಿಂತ ಅಮಲು ಇಳಿಯುವ ಮರುದಿನ ಫಿಟ್ಸ್ ಹೆಚ್ಚು.

ಹಂತ 5: ಬೇರೆ ಔಷಧಿ ಸೇರುವಾಗ ಬಾಯಿ ಬಿಡಿ

ಹಲ್ಲುನೋವಿಗೆ ಹೋಗಲಿ, ಮೈಕೈ ನೋವಿಗೆ ಹೋಗಲಿ, "ನಾನು ಫಿಟ್ಸ್ ಗುಳಿಗೆ ತಗೊಳ್ತೀನಿ" ಎಂಬುದು ಮೊದಲ ವಾಕ್ಯ ಆಗಬೇಕು. ನೋವಿನ ಟ್ರಾಮಡಾಲ್, ಭೇದಿಗೆ ಕೊಡುವ ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಫಿಟ್ಸ್ ಅನ್ನು ಕೆರಳಿಸಬಲ್ಲವು. ಸೋಂಕಿಗೆ ಕೊಡುವ ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್ ಸೇರಿದರೆ ಕಾರ್ಬಮಜೆಪಿನ್ ಮಟ್ಟ ಏರುತ್ತದೆ. ಕ್ಷಯದ ಚಿಕಿತ್ಸೆಯಲ್ಲಿ ಐಸೋನಿಯಜಿಡ್ ಫೆನಿಟಾಯಿನ್ ಮಟ್ಟವನ್ನು ಏರಿಸುತ್ತದೆ, ಅದೇ ಚಿಕಿತ್ಸೆಯ ರಿಫಾಂಪಿಸಿನ್ ಇಳಿಸುತ್ತದೆ. ಹಾಗಾಗಿ ಎರಡೂ ಕಡೆಯ ಡಾಕ್ಟರಿಗೆ ಗೊತ್ತಿರಬೇಕು. ಐಸಿಯುನಲ್ಲಿ ಸೋಂಕಿಗೆ ಮೆರೊಪೆನೆಮ್ ಇಂಜೆಕ್ಷನ್ ಕೊಟ್ಟರೆ ವಾಲ್ಪ್ರೊಯೇಟ್ ಮಟ್ಟ ಒಂದೆರಡು ದಿನದಲ್ಲೇ ಕುಸಿಯುತ್ತದೆ. ಗ್ಯಾಸ್ಟ್ರಿಕ್‌ನ ಬಿಳಿ ಟಾನಿಕ್ ಮತ್ತು ಫೆನಿಟಾಯಿನ್ ನಡುವೆ ಎರಡು ತಾಸು ಅಂತರವಿರಲಿ.

"ಒಂದೇ ಪುಡಿಯಲ್ಲಿ ಫಿಟ್ಸ್ ನಿಲ್ಲುತ್ತೆ" ಎಂದು ಹೆಸರಿಲ್ಲದ ಪೊಟ್ಟಣ ಕೊಡುವವರಿದ್ದಾರೆ. ಅಂಥ ಗಿಡಮೂಲಿಕೆ ಪುಡಿಗಳಲ್ಲಿ ಫೆನೊಬಾರ್ಬಿಟೋನ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕ ಪ್ರಸಂಗಗಳಿವೆ. ಫಿಟ್ಸ್ ನಿಂತಿತೆಂದರೆ ಆಶ್ಚರ್ಯವಿಲ್ಲ. ಎಷ್ಟು ಬೆರೆಸಿದ್ದಾರೆ, ಪುಡಿ ಮುಗಿದ ದಿನ ಏನಾಗುತ್ತದೆ ಎಂಬುದೇ ಪ್ರಶ್ನೆ.

ಹಂತ 6: ತಲೆಗೆ ಎರೆದುಕೊಂಡಾಗ ಮಾತ್ರ ಬರುವ ಫಿಟ್ಸ್

ಇದು ನಮ್ಮ ಕಡೆಯದೇ ಕಾಯಿಲೆ ಎನ್ನಬಹುದು. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ ಇದು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ಅಧ್ಯಯನ ಬಹಳ ನಡೆದಿದೆ. ಹಂಡೆಯ ಸುಡುನೀರನ್ನು ತಂಬಿಗೆಯಲ್ಲಿ ಒಂದರ ಮೇಲೊಂದು ನೆತ್ತಿಗೆ ಸುರಿದುಕೊಳ್ಳುವಾಗ ಮಗು ದಿಟ್ಟಿಸಿ ನೋಡುತ್ತದೆ, ಏನೇನೋ ಬಡಬಡಿಸುತ್ತದೆ, ಕೆಲವೊಮ್ಮೆ ಪೂರ್ತಿ ಎಳೆತ ಬರುತ್ತದೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂಥರಾ ಹಿತ ಅನಿಸಿ ಇನ್ನೂ ಇನ್ನೂ ಸುರಿದುಕೊಳ್ಳುತ್ತಾರೆ. ಬಚ್ಚಲಲ್ಲಿ ದೆವ್ವ ಎಂಬ ಮಾತು ಹುಟ್ಟುವುದು ಇಲ್ಲೇ.

ಮೊದಲ ಚಿಕಿತ್ಸೆ ಸ್ನಾನದಲ್ಲೇ ಇದೆ. ನೀರು ಉಗುರುಬೆಚ್ಚಗಿರಲಿ, ಮೈಯ ಬಿಸಿಗಿಂತ ಹೆಚ್ಚು ಬೇಡ. ತಂಬಿಗೆಯಲ್ಲಿ ಸುರಿಯುವ ಬದಲು ಒದ್ದೆ ಬಟ್ಟೆಯಿಂದ ತಲೆ ಒರೆಸಿ ತೊಳೆಯಿರಿ. ಮೈಗೆ ಬೇರೆ, ತಲೆಗೆ ಬೇರೆ ಹೊತ್ತು ಮಾಡಿ. ಬಚ್ಚಲ ಚಿಲಕ ಹಾಕುವುದು ಬೇಡ. ಇಷ್ಟಕ್ಕೂ ನಿಲ್ಲದಿದ್ದರೆ ದಿನಾ ಗುಳಿಗೆ ಬೇಕೆಂದೇನಿಲ್ಲ. ಎರೆದುಕೊಳ್ಳುವ ದಿನ ಮಾತ್ರ, ಸ್ನಾನಕ್ಕೆ ಒಂದೂವರೆ, ಎರಡು ತಾಸು ಮುಂಚೆ ಕ್ಲೊಬಜಾಮ್ 5 ಅಥವಾ 10 ಮಿ.ಗ್ರಾಂ. ಕೊಡುವ ಕ್ರಮವನ್ನು ನರರೋಗ ತಜ್ಞರು ಬಳಸುತ್ತಾರೆ. ಮಟ್ಟ ಬೇಕಾದ ಹೊತ್ತಿಗೆ ಮಾತ್ರ ಮಟ್ಟ. ಸ್ನಾನವಿಲ್ಲದ ಹೊತ್ತಿನಲ್ಲೂ ಬರತೊಡಗಿದರೆ ದಿನದ ಗುಳಿಗೆಯೇ ದಾರಿ.

ಹಂತ 7: ಹೆಣ್ಣುಮಕ್ಕಳ ವಿಚಾರ

ಮದುವೆ ಮಾತು ಶುರುವಾದ ಕೂಡಲೇ ಒಮ್ಮೆ ಡಾಕ್ಟರನ್ನು ಕಾಣಿ. ಗರ್ಭ ನಿಂತ ಮೇಲೆ ಹೋದರೆ ತಡವಾಯಿತು. ವಾಲ್ಪ್ರೊಯೇಟ್ ತಗೊಳ್ಳುತ್ತಾ ಹೆತ್ತರೆ ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಬೆನ್ನುಹುರಿ, ಹೃದಯ, ತುಟಿ ಇಂಥ ಕಡೆ ಹುಟ್ಟು ದೋಷ ಬರಬಹುದು, ಬುದ್ಧಿ ಬೆಳವಣಿಗೆಯೂ ಕುಂಠಿತವಾಗಬಹುದು. ಆದ್ದರಿಂದ ಹೆರುವ ವಯಸ್ಸಿನವರಿಗೆ ಬೇರೆ ದಾರಿ ಇದ್ದರೆ ಅದನ್ನು ಕೊಡುವುದಿಲ್ಲ. ಲೆವೆಟಿರಾಸೆಟಮ್, ಲ್ಯಾಮೋಟ್ರಿಜಿನ್ ಇದಕ್ಕಿಂತ ಬಹಳ ಸುರಕ್ಷಿತ. ಫೋಲಿಕ್ ಆಸಿಡ್ ಅನ್ನು ಗರ್ಭಕ್ಕೆ ಮುಂಚೆಯೇ ಶುರು ಮಾಡುತ್ತಾರೆ.

ಬಸುರಿ ಎಂದು ತಿಳಿದ ದಿನವೇ ಹೆದರಿ ಗುಳಿಗೆ ಎಸೆಯಬೇಡಿ. ಜೋರಾದ ಫಿಟ್ಸ್ ತಾಯಿಗೂ ಕೂಸಿಗೂ ಅಪಾಯ. ತಿಂಗಳು ತುಂಬುತ್ತಾ ಹೋದಂತೆ ಲ್ಯಾಮೋಟ್ರಿಜಿನ್, ಲೆವೆಟಿರಾಸೆಟಮ್ ಮಟ್ಟ ತಾನಾಗಿ ಇಳಿಯುತ್ತದೆ, ಪ್ರಮಾಣ ಏರಿಸಬೇಕಾಗುತ್ತದೆ. ಬಾಣಂತನದಲ್ಲಿ ಮತ್ತೆ ಇಳಿಸಬೇಕು. ಎದೆಹಾಲು ಸಾಮಾನ್ಯವಾಗಿ ಕೊಡಬಹುದು. ಇನ್ನು ಗರ್ಭನಿರೋಧಕ ಗುಳಿಗೆ: ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೊಬಾರ್ಬಿಟೋನ್ ಅದರ ಬಲ ಕುಗ್ಗಿಸುತ್ತವೆ, ಕಾಪರ್-ಟಿ ಮೇಲು. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡುವುದರ ಕಷ್ಟ ಗುಳಿಗೆಯ ಮೇಲೇ ಬೀಳುತ್ತದೆ, ಹೊಸ ಮನೆಯಲ್ಲಿ ಕದ್ದು ನುಂಗಬೇಕಾಗಿ ಹೊತ್ತು ತಪ್ಪುತ್ತದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಎಂಬ ಪಟ್ಟಿಯಿಂದ ಫಿಟ್ಸ್ ಅನ್ನು 1999ರಲ್ಲೇ ತೆಗೆದಿದ್ದಾರೆ.

ಹಂತ 8: ಗುಳಿಗೆ ಮೀರಿ ಬಂದಾಗ

ಗಡಿಯಾರ ನೋಡಿ. ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಟವೆಲ್ ಇಡಿ, ಕತ್ತಿನ ಗುಂಡಿ ಸಡಿಲಿಸಿ. ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಕಬ್ಬಿಣ ಹಿಡಿಸಿದ ಹೊತ್ತಿಗೆ ನಿಲ್ಲುವುದೇಕೆಂದರೆ, ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಪೂರ್ತಿ ಎಚ್ಚರ ಆಗುವವರೆಗೆ ನೀರು, ಗುಳಿಗೆ ಬಾಯಿಗೆ ಹಾಕಬೇಡಿ.

ಐದು ನಿಮಿಷ ದಾಟಿದರೆ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ. ಪ್ರಮಾಣ ತೂಕದ ಮೇಲೆ, ಸಾಮಾನ್ಯವಾಗಿ ಕೆ.ಜಿ.ಗೆ 0.2 ಮಿ.ಗ್ರಾಂ., ಅರ್ಧ ಒಂದು ಹೊಳ್ಳೆಗೆ, ಅರ್ಧ ಇನ್ನೊಂದಕ್ಕೆ. ಒಂದು ಒತ್ತಿಗೆ ಎಷ್ಟು ಔಷಧಿ ಬರುತ್ತದೆ ಎಂಬುದು ಕಂಪನಿಯ ಮೇಲೆ ಬೇರೆ. ಹಾಗಾಗಿ ತಂದ ದಿನವೇ ಡಾಕ್ಟರಿಂದ ಕೇಳಿ "ಈ ಕಡೆ ಇಷ್ಟು ಒತ್ತು, ಆ ಕಡೆ ಇಷ್ಟು ಒತ್ತು" ಎಂದು ಬಾಟಲಿಗೇ ಚೀಟಿ ಅಂಟಿಸಿ. ಹೊಸ ಬಾಟಲಿಯ ಮೊದಲ ಒತ್ತುಗಳು ಬರೀ ಗಾಳಿ. ಕಾಗದದಲ್ಲಿ ಹೇಳಿದಷ್ಟು ಸಲ ಹೊರಗೆ ಒತ್ತಿ ಹನಿ ಬಂದ ಮೇಲೆ ಬಳಸಬೇಕು. ಸ್ಪ್ರೇ ಹೊಡೆದ ಹಾಗೇ 108ಕ್ಕೆ ಫೋನ್ ಮಾಡಿ. ನಡುವೆ ಎಚ್ಚರವಿಲ್ಲದೆ ಎರಡನೆಯದು ಬಂದರೆ, ನೀರಲ್ಲಿ ಬಿದ್ದಿದ್ದರೆ, ಬಸುರಿಯಾಗಿದ್ದರೆ, ಜೀವಮಾನದಲ್ಲಿ ಮೊದಲ ಸಲವಾದರೆ 108ಕ್ಕೆ ಫೋನ್ ಮಾಡಲು ಐದು ನಿಮಿಷ ಕಾಯಬೇಡಿ.

ಚೇತರಿಸಿಕೊಂಡ ಮೇಲೆ ಕೇಳಿಕೊಳ್ಳಿ: ಗುಳಿಗೆ ತಪ್ಪಿತೇ, ಕಂಪನಿ ಬದಲಾಯಿತೇ, ನಿದ್ದೆ ಕೆಟ್ಟಿತೇ, ಜ್ವರ ಇತ್ತೇ, ಬೇರೆ ಔಷಧಿ ಸೇರಿತೇ? ಉತ್ತರ ಹೌದಾದರೆ ಪ್ರಮಾಣ ಏರಿಸುವ ಅಗತ್ಯವೇ ಇಲ್ಲದಿರಬಹುದು. ಎಲ್ಲಕ್ಕೂ ಇಲ್ಲ ಎಂದಾದರೆ ಫೆನಿಟಾಯಿನ್, ಕಾರ್ಬಮಜೆಪಿನ್, ವಾಲ್ಪ್ರೊಯೇಟ್ ತಗೊಳ್ಳುವವರಿಗೆ ರಕ್ತದ ಮಟ್ಟ ನೋಡುತ್ತಾರೆ. ರಕ್ತ ಕೊಡುವುದು ಬೆಳಗಿನ ಗುಳಿಗೆ ನುಂಗುವ ಮುಂಚೆ. ಹಿಂದಿನ ಗುಳಿಗೆ ನುಂಗಿದ ಹೊತ್ತನ್ನು ಲ್ಯಾಬ್ ಚೀಟಿಯಲ್ಲಿ ಬರೆಸಿ.

ಹಂತ 9: ನಿಲ್ಲಿಸುವುದು, ನಿಲ್ಲದಿದ್ದರೆ

ಒಂದೂ ಫಿಟ್ಸ್ ಇಲ್ಲದೆ ಕನಿಷ್ಠ ಎರಡು ವರ್ಷ, ಹಲವರಿಗೆ ಮೂರರಿಂದ ಐದು ವರ್ಷ ಕಳೆದ ಮೇಲೆ ಇಳಿಸುವ ಮಾತು. ಇಳಿಸುವುದಕ್ಕೂ ತಿಂಗಳುಗಳು ಬೇಕು. ಎರಡು ಗುಳಿಗೆ ಇದ್ದರೆ ಒಂದನ್ನು ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುವುದು. ಆ ಅವಧಿಯಲ್ಲಿ ಬೈಕ್, ಬಾವಿ, ಕೃಷಿ ಹೊಂಡ, ಭದ್ರಾ ನಾಲೆಯ ಈಜು, ಕಾಳು ಬಿಡಿಸುವ ಮಿಷನ್ ಎಲ್ಲದರಿಂದ ದೂರ. ಬೆಳಗಿನ ಕೈ ಜಗ್ಗುವ ಬಗೆಯವರಿಗೆ ನಿಲ್ಲಿಸಿದರೆ ಮರಳಿ ಬರುವುದೇ ಹೆಚ್ಚು, ಅವರಿಗೆ ಬಹಳ ವರ್ಷ ಬೇಕಾಗುತ್ತದೆ. ಮೆದುಳಿನಲ್ಲಿ ಲಾಡಿಹುಳುವಿನ ಒಂದೇ ಗಂಟು ಇದ್ದು, ಸ್ಕ್ಯಾನ್‌ನಲ್ಲಿ ಅದು ಕರಗಿದ್ದು ಕಂಡವರಿಗೆ ಬೇಗ ನಿಲ್ಲಿಸುವುದುಂಟು.

ಹತ್ತರಲ್ಲಿ ಆರೇಳು ಜನಕ್ಕೆ ಗುಳಿಗೆಯಿಂದಲೇ ಫಿಟ್ಸ್ ಹತೋಟಿಗೆ ಬರುತ್ತದೆ, ಅದರಲ್ಲಿ ಹೆಚ್ಚಿನವರಿಗೆ ಮೊದಲ ಗುಳಿಗೆಯಲ್ಲೇ. ಬಗೆಗೆ ತಕ್ಕ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ತಪ್ಪದೆ ತಗೊಂಡೂ ನಿಲ್ಲದಿದ್ದರೆ ಮೂರನೆಯದು, ನಾಲ್ಕನೆಯದು ಎಂದು ಸೇರಿಸುತ್ತಾ ವರ್ಷ ಕಳೆಯಬೇಡಿ. ಅದಕ್ಕೆ ಔಷಧಿಗೆ ಬಗ್ಗದ ಫಿಟ್ಸ್ ಎಂದು ಹೆಸರು. ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ನಿಲ್ಲುತ್ತದೆ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯಿಂದ ನಿಮ್ಹಾನ್ಸ್‌ಗೆ ಪತ್ರ ಬರೆಸಿಕೊಳ್ಳಿ. ಹೋಗುವಾಗ ವಿಡಿಯೋ ಇರುವ ಫೋನು, ಈವರೆಗೆ ತಗೊಂಡ ಪ್ರತಿ ಗುಳಿಗೆಯ ಹೆಸರು, ಗರಿಷ್ಠ ಪ್ರಮಾಣ, ಬಿಟ್ಟ ಕಾರಣ ಬರೆದ ಹಾಳೆ, ಎಂಆರ್‌ಐನ ಸಿಡಿ ಜೊತೆಗಿರಲಿ. ಆ ದಿನ ಬೆಳಗಿನ ಗುಳಿಗೆ ನುಂಗಿಯೇ ಬಸ್ಸು ಹತ್ತಿ.